ದೆವ್ವದ ಟ್ರಿಪ್ಪು, ತಲೆಗೆ 300 ರೂಪಾಯಿ

ಭಾನುವಾರ ನಾವು ಮೂವರು ಹುಬ್ಬಳ್ಳಿಯಿಂದ ಲಕ್ಕುಂಡಿಗೆ ಹೊರಟಿದ್ದೇವೆ. ಗದಗಿನವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು 12 ಕಿಲೋಮೀಟರ್. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ. ಗಿರ್ಮಿಟ್ಟು, ಮಿರ್ಚಿ ಸೇರಿ ತಲೆಗೆ 300 ದಾಟಬಾರದು ಅಂತ ಮಾತಾಗಿದೆ.

'ನೂರೊಂದು ಗುಡಿ, ನೂರೊಂದು ಬಾವಿ' ಅಂತಾರಲ್ಲ ಆ ಊರಿಗೆ, ಅಷ್ಟು ಬಾವಿ ಇದ್ದಲ್ಲಿ ಒಂದಾದರೂ ದೆವ್ವ ಇರಲೇಬೇಕು ಅನ್ನೋದು ಗೆಳೆಯನ ಲೆಕ್ಕ. ಹಿಂದೆ ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇದ್ದ ಊರು ಬೇರೆ. ನಿಧಿ ಕಾಯುವ ಹಾವೂ ಸಿಗುತ್ತದಂತೆ!

ನನಗೆ ಮಾತ್ರ ಮುಸುಕಿನ ಬಾವಿಯ ಮೆಟ್ಟಿಲು ಇಳಿಯಬೇಕು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಯಲ್ಲಿ ಸುಮ್ನೆ ಕೂರಬೇಕು. ಅದು ಸಾವಿರ ವರ್ಷ ನಿಂತಿದೆ. ನಮ್ಮ ಓಣಿಯ ರಸ್ತೆ ಒಂದು ಮಳೆಗಾಲ ತಾಳಲಿಲ್ಲ. ನಿಗೂಢ ಅಂದ್ರೆ ಇದೇ ಅಲ್ವಾ?

ಅಂದಹಾಗೆ ದೆವ್ವ ಬರೋದು ರಾತ್ರಿ. ಕೊನೇ ಬಸ್ಸು ತಪ್ಪಿಸಿಕೊಳ್ಳುವ ಧೈರ್ಯ ಮೂವರಲ್ಲಿ ಒಬ್ಬರಿಗೂ ಇಲ್ಲ.