ಚಿಕ್ಕಪ್ಪನ ಚಾಂಪ್‌ಗೆ ದನಿ ಬಂತು

ಶನಿವಾರ

ಚಿಕ್ಕಪ್ಪನ ಗಿಟಾರ್ ಆ್ಯಂಪ್ಲಿಫೈಯರ್, ಫೆಂಡರ್ ಕಂಪನಿಯ ಚಾಂಪ್, ಮೂಕವಾಗಿ ಒಂದು ತಿಂಗಳಾಯ್ತು. 1970ರ ದಶಕದ ಸಿಲ್ವರ್‌ಫೇಸ್ ಮಾದರಿ. ಅಮೆರಿಕದಿಂದ ವಾಪಸ್ ಬರುವಾಗ ಹಾಸಿಗೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರಂತೆ. ಒಳಗೆ ಮೂರೇ ವಾಲ್ವ್, ಅಂದರೆ ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ಕೊಳವೆ: ಗಿಟಾರ್‌ನ ಸಣ್ಣ ಸಿಗ್ನಲ್ ಹಿಗ್ಗಿಸುವ 12ಎಎಕ್ಸ್7 ಒಂದು, ಸ್ಪೀಕರ್ ನುಡಿಸುವ 6ವಿ6 ಒಂದು, ಎಸಿಯನ್ನು ಡಿಸಿ ಮಾಡುವ 5ವೈ3 ಒಂದು. ಸರ್ಕ್ಯೂಟ್ ಇಷ್ಟು ಚಿಕ್ಕದಿದೆ ಅಂತಲೇ ನಾನು ಕೈ ಹಾಕಿದ್ದು.

ಸ್ವಿಚ್ ಹಾಕಿದರೆ ಕೆಂಪು ದೀಪ ಉರಿಯುತ್ತದೆ. ವಾಲ್ವ್‌ಗಳೂ ಬೆಚ್ಚಗಾಗಿ ಹೊಳೆಯುತ್ತವೆ. ಗಿಟಾರ್ ಚುಚ್ಚಿದರೆ ಮಾತ್ರ ಏನೂ ಇಲ್ಲ. ಆದರೆ ಸ್ಪೀಕರ್‌ಗೆ ಕಿವಿ ಕೊಟ್ಟರೆ ಸಣ್ಣದಾಗಿ ಗುಂಯ್ ಅನ್ನುತ್ತಿತ್ತು. ಅದನ್ನು ಕೇಳಿ ನನಗೆ ನಿಜಕ್ಕೂ ಸಮಾಧಾನವಾಯ್ತು. ಸ್ಪೀಕರ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಪವರ್ ಸಪ್ಲೈ ಮೂರೂ ಜೀವಂತ ಇದ್ದರೆ ತಾನೇ ಆ ಸದ್ದು ಬರೋದು?

ಮೊದಲು ವಾಲ್ವ್ ಬದಲಿಸಿ ನೋಡಿದೆ. ಅಪ್ಪನ ಹಳೇ ಮೈಕ್‌ಸೆಟ್‌ನ ಡಬ್ಬಿಯಲ್ಲಿ ಬಿಇಎಲ್‌ನ ಇಸಿಸಿ83 ಒಂದಿತ್ತು. ಇಸಿಸಿ83 ಅಂದರೆ 12ಎಎಕ್ಸ್7ಗೇ ಯುರೋಪಿನಲ್ಲಿ ಇಟ್ಟ ಹೆಸರು. ಬಿಇಎಲ್ ಅಂದರೆ 1954ರಲ್ಲಿ ಶುರುವಾದ ನಮ್ಮ ಜಾಲಹಳ್ಳಿಯ ಕಾರ್ಖಾನೆ. ಫೆಂಡರ್‌ನ ಊರಾದ ಫುಲರ್ಟನ್‌ನ ಪೆಟ್ಟಿಗೆಯೊಳಗೆ ಬೆಂಗಳೂರಿನ ಗಾಜು ಹೊಳೆಯುವುದನ್ನು ನೋಡಿ ಖುಷಿಯಾಯ್ತು. ಸದ್ದು ಮಾತ್ರ ಬರಲಿಲ್ಲ. ಅಲ್ಲಿಗೆ ವಾಲ್ವ್ ಮೇಲಿನ ಅನುಮಾನ ಹೋಯ್ತು.

ಭಾನುವಾರ

ಸರ್ಕ್ಯೂಟ್ ಕೂರಿಸಿರುವ ಲೋಹದ ತಟ್ಟೆ, ಅಂದರೆ ಚಾಸಿ, ಹೊರಗೆ ತೆಗೆದೆ. ಇದು ಅಮೆರಿಕದ ವೋಲ್ಟೇಜಿನದು, ಹಾಗಾಗಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದರ ಹಿಂದೆ ನೂರು ವಾಟಿನ ಬಲ್ಬ್ ಇರುವ ಸೀರೀಸ್ ಬೋರ್ಡ್ ಹಾಕಿದೆ. ಬಲ್ಬ್ ಒಮ್ಮೆ ಜೋರಾಗಿ ಹೊತ್ತಿ ಮಂಕಾಯ್ತು. ಮಂಕಾಗದೆ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಅಂತ ಲೆಕ್ಕ. ಶಾರ್ಟ್ ಇಲ್ಲ ಅಂತ ಗೊತ್ತಾದ ಮೇಲೆ ಬೋರ್ಡ್ ತೆಗೆದು ನೇರ ಕೊಟ್ಟೆ, ಇಲ್ಲದಿದ್ದರೆ ವೋಲ್ಟೇಜ್ ಸರಿಯಾಗಿ ಅಳೆಯೋಕಾಗಲ್ಲ.

ಇದನ್ನು ಓದಿ ಯಾರಾದರೂ ತೆರೆಯೋಕೆ ಹೊರಟರೆ ಒಂದು ಮಾತು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ 300 ವೋಲ್ಟಿಗಿಂತ ಜಾಸ್ತಿ ನಿಂತಿರಬಹುದು. ಅದು ಜೀವ ತೆಗೆಯುತ್ತದೆ. ನಾನು ಪ್ರತಿ ಸಲವೂ ಪ್ಲಗ್ ಕಿತ್ತು, 10ಕೆ ಐದು ವಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿಯೇ ಕೈ ಹಾಕಿದೆ. ಆನ್ ಇರುವಾಗ ಅಳೆಯೋದು ಒಂದೇ ಕೈಯಲ್ಲಿ. ಸ್ಪೀಕರ್ ಕಳಚಿ ಮಾತ್ರ ಆನ್ ಮಾಡಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ಸಿಗ್ನಲ್ ಜನರೇಟರ್ ನನ್ನ ಹತ್ತಿರ ಇಲ್ಲ. ಫೋನಿನಲ್ಲಿ ಅಕ್ಕ ಹಾಡೋಕೆ ಇಟ್ಟುಕೊಂಡಿದ್ದ ತಂಬೂರಿ ಆ್ಯಪ್ ಇತ್ತು. ಒಂದೇ ಸಮ ಮೀಟುತ್ತಿರುತ್ತದೆ, ಅದಕ್ಕಿಂತ ಇನ್ನೇನು ಬೇಕು? 0.1 ಮೈಕ್ರೋಫ್ಯಾರಡ್, 630 ವೋಲ್ಟಿನ ಕೆಪಾಸಿಟರ್ ಮೂಲಕ ಅದನ್ನು ಸ್ಪೀಕರ್ ಕಡೆಯಿಂದ ಗಿಟಾರ್ ಕಡೆಗೆ ಒಂದೊಂದೇ ಹಂತಕ್ಕೆ ಕೊಡುತ್ತಾ ಬಂದೆ. 6ವಿ6ನ 5ನೇ ಪಿನ್‌ಗೆ ಕೊಟ್ಟಾಗ ತಂಬೂರಿ ದೂರದಲ್ಲಿ ಕೇಳಿಸಿತು. 12ಎಎಕ್ಸ್7 ಒಳಗೆ ಎರಡು ಅರ್ಧ, ಎರಡು ಹಂತ. ಎರಡನೇ ಹಂತದ 7ನೇ ಪಿನ್‌ಗೆ ಕೊಟ್ಟೆ, ಕೋಣೆ ತುಂಬಾ ತಂಬೂರಿ! ಮೊದಲ ಹಂತದ 2ನೇ ಪಿನ್‌ಗೆ ಕೊಟ್ಟೆ, ಸ್ತಬ್ಧ. ಹಾಗಾದರೆ ಕೆಟ್ಟಿರುವುದು ಮೊದಲ ಹಂತ ಮಾತ್ರ.

ಸೋಮವಾರ ರಾತ್ರಿ

ಮೊದಲ ಹಂತದ ಪ್ಲೇಟ್, ಅಂದರೆ 1ನೇ ಪಿನ್, 248 ವೋಲ್ಟ್. ಅದಕ್ಕೆ ಕರೆಂಟ್ ಕೊಡುವ 100ಕೆ ರೆಸಿಸ್ಟರ್‌ನ ಆಚೆ ತುದಿಯೂ 248. ಮೀಟರ್ ತಪ್ಪಿರಬೇಕು ಅಂತ ಮತ್ತೆ ನೋಡಿದೆ. ಅದೇ 248. ರೆಸಿಸ್ಟರ್‌ನಲ್ಲಿ ಒಂದು ವೋಲ್ಟೂ ಬೀಳುತ್ತಿಲ್ಲ ಅಂದರೆ ವಾಲ್ವ್‌ನ ಆ ಅರ್ಧದಲ್ಲಿ ಕರೆಂಟೇ ಹರಿಯುತ್ತಿಲ್ಲ. ಕರೆಂಟಿನ ದಾರಿ ಪ್ಲೇಟ್‌ನ ಎದುರು ತುದಿಯಲ್ಲಿ, ಅಂದರೆ ಕ್ಯಾಥೋಡ್ ಕಡೆ (3ನೇ ಪಿನ್) ಕಡಿದಿರಬೇಕು.

ಆರಿಸಿ ಕ್ಯಾಥೋಡ್ ರೆಸಿಸ್ಟರ್ ಅಳೆದೆ. 1.5ಕೆ ಇರಬೇಕಾದ್ದು 1.6ಕೆ ಇದೆ. ಪರವಾಗಿಲ್ಲ. ಮತ್ತೆ ಆನ್ ಮಾಡಿ 3ನೇ ಪಿನ್ ಮುಟ್ಟಿದೆ: 3 ವೋಲ್ಟ್ ಚಿಲ್ಲರೆ. ಆ ಪಿನ್‌ನಿಂದ ಹೊರಟ ಬಟ್ಟೆ ಹೊದಿಕೆಯ ತಂತಿ ಬೋರ್ಡಿಗೆ ಬಂದು ಸೇರುವ ಕಡೆ: ಸೊನ್ನೆ. ಒಂದೇ ತಂತಿ, ಎರಡು ತುದಿಗೆ ಎರಡು ವೋಲ್ಟೇಜ್!

ಭೂತಗನ್ನಡಿ ಹಿಡಿದು ನೋಡಿದೆ. ಹಿಂದೆ ಯಾರೋ ಅಲ್ಲಿನ ಕೆಪಾಸಿಟರ್ ಬದಲಿಸಿದ್ದರು. ಪಕ್ಕದ ಬೆಸುಗೆಗಳೆಲ್ಲ ಫಳಫಳ ಹೊಳೆಯುತ್ತಿದ್ದರೆ ಇದೊಂದು ಬೂದಿ ಬಣ್ಣ. ತಂತಿಯ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ. ಡ್ರೈ ಸೋಲ್ಡರ್, ಅಂದರೆ ಮೇಲ್ನೋಟಕ್ಕೆ ಅಂಟಿದಂತಿದ್ದರೂ ಒಳಗೆ ಕೂಡದ ಬೆಸುಗೆ. ಊದುಬತ್ತಿ ಕಡ್ಡಿಯಿಂದ ತಂತಿ ತಳ್ಳಿದರೆ ಉಂಗುರದೊಳಗೆ ಅಲ್ಲಾಡುತ್ತಿತ್ತು.

ಹಳೇ ಬೆಸುಗೆ ಪೂರ್ತಿ ತೆಗೆದೆ. ತಂತಿಯ ತುದಿ ಕೆರೆದು ಸ್ವಚ್ಛ ಮಾಡಿ, ಸ್ವಲ್ಪ ಫ್ಲಕ್ಸ್ ಹಚ್ಚಿ, ಹೊಸ ಬೆಸುಗೆ ಹಾಕಿದೆ. ಎಲ್ಲಾ ಸೇರಿ ಎರಡು ನಿಮಿಷದ ಕೆಲಸ. ಈಗ ಪ್ಲೇಟ್ 164, ಸಪ್ಲೈ 241, ಕ್ಯಾಥೋಡ್ 1.2 ವೋಲ್ಟ್. ಆ ಮೂರು ಅಂಕಿ ಬರೆದುಕೊಳ್ಳುವಾಗ ಕೈ ಸಣ್ಣಗೆ ನಡುಗುತ್ತಿತ್ತು.

ಗಿಟಾರ್ ಚುಚ್ಚಿ ದಪ್ಪ ತಂತಿ ಒಂದನ್ನೇ ಮೀಟಿದೆ. ಅಡುಗೆಮನೆಯಿಂದ ಅಮ್ಮ "ಬಂತೇನೋ?" ಅಂದರು. ಚಿಕ್ಕಪ್ಪನಿಗೆ ಫೋನ್ ಮಾಡಿ, ಫೋನನ್ನು ಸ್ಪೀಕರ್ ಮುಂದೆ ಹಿಡಿದು ಇನ್ನೊಮ್ಮೆ ಮೀಟಿದೆ. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಟ್ರೆಬಲ್ ಜಾಸ್ತಿ ಇಟ್ಟಿದ್ದೀಯ, ಇಳಿಸು" ಅಂದರು.

ಗುಂಯ್ ಸದ್ದು ಸ್ವಲ್ಪ ಇನ್ನೂ ಇದೆ. ಆ ಗುಂಯ್ ತಡೆಯಬೇಕಾದ ಫಿಲ್ಟರ್ ಕೆಪಾಸಿಟರ್ ಡಬ್ಬಿಯ ತಳ ಉಬ್ಬಿದೆ, ಅದನ್ನು ಬದಲಿಸುವ ತನಕ ಜಾಸ್ತಿ ಹೊತ್ತು ನುಡಿಸಲ್ಲ. ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಹೋಗಿ 450 ವೋಲ್ಟಿನವು ಸಿಗುತ್ತವಾ ನೋಡಬೇಕು.