ಅಜ್ಜಿ ಕಳ್ಳಿಗೊಂದು ಕೊಟ್ಟೆ

ಈ ಫೆಬ್ರವರಿಯಲ್ಲಿ ನಮ್ಮ ಬಾಲ್ಕನಿಯ ಅಜ್ಜಿ ಮತ್ತೆ ಹೂ ಮುಡಿದಳು. ಒಟ್ಟು 27 ಹೂ. ಮೂರು ಸಲ ಎಣಿಸಿದ್ದೇನೆ.

ಅಜ್ಜಿ ಅಂದರೆ ಒಂದು ಪುಟ್ಟ ಕಳ್ಳಿ ಗಿಡ. ಮುಷ್ಟಿಗಿಂತ ಸ್ವಲ್ಪ ದೊಡ್ಡ ಗುಂಡು, ಮೈತುಂಬಾ ಬಿಳಿ ಕೂದಲು. ಸಸ್ಯಶಾಸ್ತ್ರದವರು ಇಟ್ಟ ಹೆಸರು ಮ್ಯಾಮಿಲೇರಿಯಾ ಹಾನಿಯಾನಾ. ಮಾರುವವರು ‘ಓಲ್ಡ್ ಲೇಡಿ ಕ್ಯಾಕ್ಟಸ್’ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬರೀ ಅಜ್ಜಿ. ಇದರ ತವರು ಮೆಕ್ಸಿಕೋ ದೇಶದ ಗ್ವಾನಾಹ್ವಾಟೋ, ಕೆರೆಟಾರೋ ಕಡೆಯ ಒಣ ಗುಡ್ಡಗಳು. ಮೈಮೇಲಿನ ಆ ಕೂದಲು ಅಲ್ಲಿನ ಸುಡುವ ಬಿಸಿಲಿಗೆ ಗಿಡ ತಾನೇ ಹಿಡಿದುಕೊಂಡ ಕೊಡೆ.

ನಾನು ಹುಟ್ಟಿ ಬೆಳೆದಿದ್ದು ಮಲೆನಾಡಿನ ಸಾಗರ ಪೇಟೆಯ ಹತ್ತಿರ. ಮಳೆಗಾಲದಲ್ಲಿ ಕಂಬಳಿ ಒಣಗದ ಊರು. ಅಮ್ಮ ಅಂಗಳದ ತುಂಬಾ ಡೇರೆ ಹೂ, ಅಂದರೆ ಡೇಲಿಯಾ, ಬೆಳೆಸುತ್ತಾರೆ. ಗೆಡ್ಡೆ ಕೊಟ್ಟು ಗೆಡ್ಡೆ ತರುವುದು, ಯಾರ ಮನೆಯಲ್ಲಿ ಯಾವ ಬಣ್ಣ ಇದೆ ಅಂತ ನೆನಪಿಟ್ಟುಕೊಳ್ಳುವುದು, ಇದೆಲ್ಲ ನೋಡಿಕೊಂಡೇ ದೊಡ್ಡವಳಾದೆ. ಗಿಡ ಅಂದಮೇಲೆ ನೀರು, ಸೆಗಣಿ ಗೊಬ್ಬರ, ಮತ್ತೆ ನೀರು. ಕೈಗೆ ಅದೇ ಅಭ್ಯಾಸ. ಮದುವೆಯಾಗಿ ಮೈಸೂರಿಗೆ ಬಂದು, ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ನಾಲ್ಕಡಿ ಅಗಲದ ಬಾಲ್ಕನಿ ಸಿಕ್ಕಾಗ, ಜಾಗ ಕಮ್ಮಿ ಸಾಕು ಅಂತ ಕಳ್ಳಿ ತಂದೆ. 2017ರಲ್ಲಿ.

ಆ ಮೊದಲ ಗಿಡದ ನೆತ್ತಿಯ ಮೇಲೆ ಚೆಂದದ ಹಳದಿ ಹೂ ಇತ್ತು. ಅದನ್ನು ನೋಡಿಯೇ ತೆಗೆದುಕೊಂಡಿದ್ದೆ. ಹದಿನೈದು ದಿನ ಆದರೂ ಹೂ ಬಾಡಲಿಲ್ಲ. ಮುಟ್ಟಿ ನೋಡಿದರೆ ಕಾಗದದ ಹಾಗೆ ಸರಸರ ಸದ್ದು. ಒಣಹೂವನ್ನು ಬಿಸಿ ಗೋಂದು ಹಾಕಿ ಮುಳ್ಳಿನ ಮೇಲೆ ಅಂಟಿಸಿದ್ದರು. ನಿಜವಾಗಿ ಬೇಜಾರಾಯಿತು. ಗಿಡದ ಬೆಳೆಯುವ ತುದಿ ಇರುವುದೇ ನೆತ್ತಿಯಲ್ಲಿ. ಅಲ್ಲಿಗೇ ಬಿಸಿ ಗೋಂದು! ನಿಮ್ಮ ಗಿಡಕ್ಕೂ ಹೀಗೆ ಅಂಟಿಸಿದ್ದರೆ ಎಳೆದು ಕೀಳಬೇಡಿ, ಸಿಪ್ಪೆ ಕಿತ್ತು ಬರುತ್ತದೆ. ಹೂವನ್ನು ಕತ್ತರಿಯಲ್ಲಿ ಕತ್ತರಿಸಿ ಸುಮ್ನೆ ಬಿಡಿ. ಗಿಡ ಬೆಳೆಯುತ್ತಾ ಗೋಂದನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳುತ್ತದೆ.

ಇನ್ನೊಂದು ಮಾತನ್ನೂ ಆಗ ನಂಬಿದ್ದೆ. ಕಂಪ್ಯೂಟರ್ ಪಕ್ಕ ಇಟ್ಟರೆ ರೇಡಿಯೇಶನ್ ಹೀರಿಕೊಳ್ಳುತ್ತದೆ ಅಂತ. ಅದೆಲ್ಲ ಏನೂ ಇಲ್ಲ. ಮೇಜಿನ ಮೇಲೆ ಬೆಳಕು ಸಾಲದೆ ಗಿಡದ ತುದಿ ಸಪೂರವಾಗಿ ಕಿಟಕಿಯ ಕಡೆಗೆ ಚಾಚಿತು. ಹಾಗೆ ಒಮ್ಮೆ ಸಪೂರವಾದ ಭಾಗ ಮತ್ತೆ ದಪ್ಪವಾಗುವುದಿಲ್ಲ. ಆಮೇಲೆ ಬೆಳಕು ಕೊಟ್ಟರೂ ಮೇಲಿನ ಹೊಸ ಬೆಳವಣಿಗೆ ಮಾತ್ರ ಸರಿಯಾಗುತ್ತದೆ, ನಡುವೆ ಸೊಂಟ ಕಟ್ಟಿದ ಗುರುತು ಉಳಿಯುತ್ತದೆ.

ಸೆಪ್ಟೆಂಬರ್‌ನಲ್ಲಿ ಆ ಗಿಡ ಸತ್ತಿತು. ಮೇಲೆ ಏನೂ ಗೊತ್ತಾಗುತ್ತಿರಲಿಲ್ಲ, ಹಸಿರಾಗಿಯೇ ಇತ್ತು. ಒಂದು ಬೆಳಿಗ್ಗೆ ಬೆರಳು ತಾಗಿದ್ದಕ್ಕೆ ಪಕ್ಕಕ್ಕೆ ವಾಲಿತು. ಬುಡ ಪೂರ್ತಿ ಕರಗಿ ಕಂದು ಲೋಳೆಯಾಗಿತ್ತು. ವಾಸನೆ ಬೇರೆ. ಕುಂಡ ಬಗ್ಗಿಸಿದರೆ ಒಳಗೆ ಮಣ್ಣೇ ಇಲ್ಲ, ಬರೀ ತೆಂಗಿನ ನಾರಿನ ಪುಡಿ, ಕೊಕೊಪೀಟ್. ಹಿಂಡಿದರೆ ನೀರು ಬರುತ್ತಿತ್ತು. ನಾನು ನೀರು ಹಾಕಿ ಹನ್ನೆರಡು ದಿನ ಆಗಿತ್ತು!

ಅವತ್ತು ರಾತ್ರಿ ಫೋನಿನಲ್ಲಿ ಹೇಳಿದಾಗ ಅಪ್ಪ ಒಂದೇ ಮಾತು ಹೇಳಿದರು. “ಅದು ಕೊಳೆ ಮಗಾ. ಅಡಿಕೆಗೆ ಬರ್ತದಲ್ಲ, ಹಾಗೇ. ನೀನು ಕೊಟ್ಟೆ ಕಟ್ಟಿಲ್ಲ.”

ಮಲೆನಾಡಿನವರಿಗೆ ಹೇಳಬೇಕಿಲ್ಲ. ಉಳಿದವರಿಗೆ: ಮಳೆಗಾಲದಲ್ಲಿ ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಮಳೆ ಹೊಡೆದು ಕೊಳೆ ರೋಗ ಬಾರದಿರಲಿ ಅಂತ ಕೊನೆಯ ಮೇಲೆ ಹೊದಿಕೆ ಕಟ್ಟುತ್ತಾರೆ. ಅದೇ ಕೊಟ್ಟೆ. ಈಗ ಹೆಚ್ಚಾಗಿ ಪ್ಲಾಸ್ಟಿಕ್. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವುದು ಒಂದು ದಾರಿ, ಕೊಟ್ಟೆ ಕಟ್ಟುವುದು ಇನ್ನೊಂದು. ಅಡಿಕೆಯ ಕೊಳೆ ತರುವ ಜೀವಿ ಬೇರೆ, ಕಳ್ಳಿಯ ಬುಡ ಕೊಳೆಸುವ ಶಿಲೀಂಧ್ರಗಳು ಬೇರೆ ಇರಬಹುದು. ಆದರೆ ಅಪ್ಪನ ಮಾತಿನಲ್ಲಿ ನನಗೆ ಬೇಕಾಗಿದ್ದು ಪೂರ್ತಿ ಇತ್ತು. ನಮ್ಮ ಕಡೆ ಕಳ್ಳಿ ಸಾಯುವುದು ಬಾಯಾರಿ ಅಲ್ಲ, ನೆನೆದು.

ಅಜ್ಜಿಯನ್ನು ತಂದಿದ್ದು 2019ರಲ್ಲಿ. ಆಗ ದೊಡ್ಡ ನಿಂಬೆಹಣ್ಣಿನಷ್ಟಿದ್ದಳು. ತಂದ ವಾರವೇ ಕೊಕೊಪೀಟ್‌ನಿಂದ ಬಿಡಿಸಿದೆ. ನ್ಯೂಸ್‌ಪೇಪರ್ ಹಾಳೆಯನ್ನು ಪಟ್ಟಿಯ ಹಾಗೆ ಮಡಚಿ ಗಿಡದ ಸುತ್ತ ಸುತ್ತಿ ಹಿಡಿದರೆ ಮುಳ್ಳು ಚುಚ್ಚುವುದಿಲ್ಲ. ಬೇರಿನ ನಡುವೆ ಸಿಕ್ಕಿಕೊಂಡ ನಾರನ್ನು ಹಲ್ಲುಕಡ್ಡಿಯಲ್ಲಿ ಬಿಡಿಸಲು ಒಂದು ಗಂಟೆ ಹಿಡಿಯಿತು. ಆಮೇಲೆ ಐದು ದಿನ ಗಿಡವನ್ನು ನೆರಳಿನಲ್ಲಿ ಕಾಗದದ ಮೇಲೆ ಹಾಗೇ ಮಲಗಿಸಿದ್ದೆ. ಹರಿದ ಬೇರಿನ ಗಾಯ ಒಣಗಬೇಕು. ಹಸಿ ಗಾಯಕ್ಕೆ ನೀರು ತಾಗಿದರೆ ಕೊಳೆಗೆ ಬಾಗಿಲು ತೆಗೆದ ಹಾಗೆ.

ಮಿಶ್ರಣ ನಾನೇ ಮಾಡಿದ್ದು. ಎರಡು ಬಟ್ಟಲು ದಪ್ಪ ಮರಳು, ಅಂದರೆ ಜರಡಿ ಹಿಡಿದ ಮೇಲೆ ಜರಡಿಯಲ್ಲಿ ಉಳಿಯುವುದು. ಕೆಳಗೆ ಬೀಳುವ ಸಣ್ಣದು ಬೇಡ, ಅದು ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ಒಂದು ಬಟ್ಟಲು ಇಟ್ಟಿಗೆ ಚೂರು, ಮೆಂತ್ಯ ಕಾಳಿನಿಂದ ಕಡಲೆ ಕಾಳಿನ ಗಾತ್ರದವರೆಗೆ. ಒಂದು ಬಟ್ಟಲು ಎರೆಗೊಬ್ಬರ, ಒಂದು ಹಿಡಿ ಇದ್ದಿಲು. ಮರಳು, ಇಟ್ಟಿಗೆ ಎರಡನ್ನೂ ಅಕ್ಕಿ ತೊಳೆದ ಹಾಗೆ ತೊಳೆಯಬೇಕು, ನೀರು ತಿಳಿಯಾಗುವವರೆಗೆ. ಕುಂಡಕ್ಕೆ ತುಂಬಿ ಮೇಲಿನಿಂದ ನೀರು ಹಾಕಿದರೆ ಐದು ಎಣಿಸುವುದರೊಳಗೆ ಕೆಳಗಿನ ತೂತಿನಿಂದ ಹೊರಗೆ ಬರಬೇಕು. ಬರದಿದ್ದರೆ ಇನ್ನಷ್ಟು ಮರಳು. ಕುಂಡ ಮಣ್ಣಿನದ್ದು, ನಾಲ್ಕು ಇಂಚು. ದೊಡ್ಡದು ಬೇಡ. ಬೇರು ತಲುಪದ ಜಾಗದಲ್ಲಿ ನೀರು ಹಾಗೇ ನಿಲ್ಲುತ್ತದೆ.

ನೀರು ಯಾವಾಗ ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಅನ್ನುವ ಲೆಕ್ಕ ನನಗೆ ಸರಿಹೋಗಲಿಲ್ಲ. ಏಪ್ರಿಲ್‌ನ ವಾರ ಬೇರೆ, ಆಗಸ್ಟ್‌ನ ವಾರ ಬೇರೆ ಅಲ್ವಾ? ಅಡುಗೆಮನೆಯ ತಕ್ಕಡಿಯ ಮೇಲೆ ಕುಂಡ ಇಟ್ಟು ನೋಡುತ್ತೇನೆ. ಪೂರ್ತಿ ಒಣಗಿದಾಗ 610 ಗ್ರಾಂ. ನೀರು ಕುಡಿದು, ಹೆಚ್ಚಿನದ್ದೆಲ್ಲ ಬಸಿದ ಮೇಲೆ 700ರ ಹತ್ತಿರ. 610ಕ್ಕೆ ಇಳಿಯಬೇಕು, ಆಮೇಲೂ ನಾಲ್ಕು ದಿನ ಬಿಡಬೇಕು, ಆಮೇಲೆ ನೀರು. ಏಪ್ರಿಲ್‌ನಲ್ಲಿ ಎಂಟು ದಿನಕ್ಕೆ ಇಳಿಯುತ್ತದೆ. ಮೋಡ ಕವಿದ ಜುಲೈನಲ್ಲಿ ಇಪ್ಪತ್ತೈದು ದಿನ ಹಿಡಿದಿದ್ದೂ ಇದೆ. ಹಾಕುವಾಗ ಮಾತ್ರ ಚಮಚದ ಲೆಕ್ಕ ಬೇಡ, ತೂತಿನಿಂದ ಹರಿಯುವಷ್ಟು ಹಾಕಬೇಕು. ಕೂದಲಿಗೆ ತಾಗಬಾರದು. ಗಡಸು ನೀರು ಬಿದ್ದರೆ ಕೂದಲಿನ ಮೇಲೆ ಸುಣ್ಣದ ಕಲೆ ಕೂರುತ್ತದೆ. ಮಳೆಯಲ್ಲಿ ನೆನೆಯಬಾರದ ಈ ಗಿಡಕ್ಕೆ ಮಳೆನೀರೇ ಎಲ್ಲಕ್ಕಿಂತ ಒಳ್ಳೆಯದು. ಬಕೆಟ್‌ನಲ್ಲಿ ಹಿಡಿದಿಟ್ಟುಕೊಂಡು, ನಮ್ಮ ಹೊತ್ತಿಗೆ ಕೊಡಬೇಕು.

ಹೊರದೇಶದ ಪುಸ್ತಕಗಳ ಕ್ಯಾಲೆಂಡರನ್ನು ಹಾಗೇ ಇಟ್ಟುಕೊಳ್ಳಬೇಡಿ. ಅವು ಹಿಮ ಬೀಳುವ ಕಡೆಗೆ ಬರೆದವು. ಬೇಸಿಗೆಯಿಡೀ ನೀರು ಕೊಡಿ ಅನ್ನುತ್ತವೆ, ಅವರ ಬೇಸಿಗೆ ಅಂದರೆ ನಮ್ಮ ಜಿಟಿಜಿಟಿ ಮಳೆಯ ತಿಂಗಳುಗಳು. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಮೇ ತಿಂಗಳ ಗುಡುಗು ಮಳೆ ಒಂದು, ಸೆಪ್ಟೆಂಬರ್ ಅಕ್ಟೋಬರ್ ಮಳೆ ಇನ್ನೊಂದು. ಹಾಗಾಗಿ ಮೇ ಮೊದಲ ವಾರವೇ ನಮ್ಮ ಬಾಲ್ಕನಿಗೆ ಕೊಟ್ಟೆ ಬೀಳುತ್ತದೆ. ಬೆಳಕು ಹಾಯುವ ದಪ್ಪ ಪ್ಲಾಸ್ಟಿಕ್ ಶೀಟನ್ನು ಸರಳಿಗೆ ಓರೆಯಾಗಿ ಕಟ್ಟುತ್ತೇನೆ. ಪಕ್ಕ ಎರಡೂ ತೆರೆದಿರಬೇಕು. ಗಾಳಿಯಾಡದಿದ್ದರೆ ಕೊಟ್ಟೆಯೊಳಗೇ ಬೆವರು. ಅಕ್ಟೋಬರ್ ಕೊನೆಗೆ ಶೀಟ್ ಬಿಚ್ಚಿದ ಕೂಡಲೇ ಪೂರ್ತಿ ಬಿಸಿಲಿಗೆ ಇಡುವುದಿಲ್ಲ. ಮಂಕು ಬೆಳಕಿನಲ್ಲಿದ್ದ ಮೈ ಸುಟ್ಟು ಕಂದು ಹಕ್ಕಳೆ ಕಟ್ಟುತ್ತದೆ, ಆ ಕಲೆ ಹೋಗುವುದಿಲ್ಲ. ಒಂದು ವಾರ ತೆಳು ಹತ್ತಿ ಸೀರೆಯ ನೆರಳು.

ನಮ್ಮ ಬೇಲಿಯ ಕಳ್ಳಿಗೆ ಇದ್ಯಾವುದೂ ಬೇಡವಲ್ಲ ಅಂತ ಅಮ್ಮ ಕೇಳಿದ್ದರು. ಆದರೆ ನಮ್ಮ ಮುಂಡುಗಳ್ಳಿ ಕ್ಯಾಕ್ಟಸ್ ಅಲ್ಲ, ಯುಫೋರ್ಬಿಯೇಸಿ ಅನ್ನುವ ಬೇರೆ ಕುಟುಂಬ. ಪಾಪಾಸುಕಳ್ಳಿ ಮಾತ್ರ ನಿಜವಾದ ಕ್ಯಾಕ್ಟಸ್, ಅದೂ ಅಮೆರಿಕ ಖಂಡದಿಂದ ಬಂದಿದ್ದು. ಹಾಲು ಬಂದರೆ ಕ್ಯಾಕ್ಟಸ್ ಅಲ್ಲ ಅನ್ನುವ ಗುರುತು ಸಾಲದು, ಕೆಲವು ಮ್ಯಾಮಿಲೇರಿಯಾಗಳಲ್ಲೂ ಹಾಲಿದೆ. ಮುಳ್ಳಿನ ಬುಡ ನೋಡಬೇಕು. ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಒಂದು ಪುಟ್ಟ ಮೆತ್ತೆಯಿಂದ ಗೊಂಚಲಾಗಿ ಹೊರಡುತ್ತವೆ.

ಕ್ಯಾಕ್ಟಸ್ ಉಸಿರಾಡುವ ರೀತಿ ತಿಳಿದಾಗ ನನಗೆ ಮೈ ಜುಂ ಅಂದಿತ್ತು. ಹೆಚ್ಚಿನ ಗಿಡಗಳು ಹಗಲಲ್ಲಿ ರಂಧ್ರ ತೆರೆದರೆ ಇದು ರಾತ್ರಿ ತೆರೆಯುತ್ತದೆ. ಹಗಲು ತೆರೆದರೆ ನೀರೆಲ್ಲ ಆರಿಹೋಗುತ್ತದಲ್ಲ. ರಾತ್ರಿ ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಹುಳಿಯಾಗಿ ಕೂಡಿಟ್ಟು, ಹಗಲು ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುತ್ತದೆ. ಇದರ ಮೊದಲ ಸುಳಿವು ಕೊಟ್ಟವರಲ್ಲಿ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಒಬ್ಬರು. 1813ರಲ್ಲಿ ಅವರು ಬರೆದ ಪತ್ರದಲ್ಲಿ, ಹೀಗೇ ಉಸಿರಾಡುವ ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಅಂತ ಹೇಳಿದ್ದರು. ಊರಿಗೆ ಹೋದಾಗ ಹಿತ್ತಲ ಕಾಡುಬಸಳೆಯ ಒಂದೊಂದು ಚೂರು ಬಾಯಿಗೆ ಹಾಕಿಕೊಂಡು ನೋಡಿದೆ. ಬೆಳಿಗ್ಗೆ ಆರಕ್ಕೆ ಹಲ್ಲು ಚುಳ್ ಅನ್ನುವ ಹುಳಿ. ಮಧ್ಯಾಹ್ನ ಎರಡಕ್ಕೆ ಏನೂ ಇಲ್ಲ, ಬರೀ ನೀರು ನೀರು. ರಾತ್ರಿ ತಂಪಾಗುವ ಊರು ಈ ಗಿಡಗಳಿಗೆ ಯಾಕೆ ಹಿತ ಅಂತ ಅವತ್ತು ಅರ್ಥವಾಯಿತು. ಮೈಸೂರಿನ ರಾತ್ರಿ ಅಜ್ಜಿಗೆ ಒಗ್ಗಿದೆ.

2021ರ ಆಗಸ್ಟ್‌ನಲ್ಲಿ ಅವಳನ್ನು ಕಳೆದುಕೊಳ್ಳುವುದರಲ್ಲಿದ್ದೆ. ಕುಂಡದ ಅಂಚಿನಲ್ಲಿ ಇರುವೆ ಸಾಲು ಕಂಡಿತು. ಸಿಹಿ ಇಲ್ಲದ ಕಡೆ ಇರುವೆ ಯಾಕೆ? ಎಷ್ಟು ನೋಡಿದರೂ ಬಿಳಿ ಕೂದಲು ಬಿಟ್ಟು ಏನೂ ಕಾಣಲಿಲ್ಲ. ಕೊನೆಗೆ ಹತ್ತಿರ ಬಗ್ಗಿ ಮೆಲ್ಲಗೆ ಊದಿದೆ. ಕೂದಲು ಅಲುಗಾಡಿತು. ಬುಡದ ಸಂದಿಯಲ್ಲಿ ಎರಡು ಬಿಳಿ ಚುಕ್ಕೆ ಮಾತ್ರ ಅಲುಗಾಡಲಿಲ್ಲ. ಹಿಟ್ಟು ತಿಗಣೆ! ಬಿಳಿ ಗಿಡದಲ್ಲಿ ಬಿಳಿ ಹುಳ. ಅವು ರಸ ಹೀರಿ ಬಿಡುವ ಸಿಹಿಗೆ ಇರುವೆ ಬರುತ್ತಿತ್ತು. ಮೆಡಿಕಲ್ ಶಾಪಿನಿಂದ ಸರ್ಜಿಕಲ್ ಸ್ಪಿರಿಟ್ ತಂದು, ಹತ್ತಿ ಕಡ್ಡಿ ಅದ್ದಿ, ಸಂಜೆ ಬಿಸಿಲು ಹೋದ ಮೇಲೆ ಒಂದೊಂದನ್ನೇ ಒರೆಸಿದೆ. ಒಂದು ಸಲಕ್ಕೆ ಮುಗಿಯುವುದಿಲ್ಲ, ಮೊಟ್ಟೆ ಒಡೆದು ಮತ್ತೆ ಬರುತ್ತವೆ. ಐದು ದಿನಕ್ಕೊಮ್ಮೆ, ಒಂದೂವರೆ ತಿಂಗಳು. ಬೇರಿನಲ್ಲೂ ಇರಬಹುದು ಅಂತ ಕುಂಡ ಬಗ್ಗಿಸಿ ನೋಡಿದೆ, ಇರಲಿಲ್ಲ. ಈಗಲೂ ಪ್ರತಿ ಭಾನುವಾರ ಒಮ್ಮೆ ಊದಿ ನೋಡುತ್ತೇನೆ.

ಆ ವರ್ಷ ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಒಂದು ತೊಟ್ಟು ನೀರೂ ಹಾಕಲಿಲ್ಲ. ಹೂ ಬೇಕೆಂದರೆ ಚಳಿಯಲ್ಲಿ ಒಣಗಿರಬೇಕು, ಬೆಳಗಿನ ಬಿಸಿಲು ಬೇಕು. ಗುಂಡು ಸ್ವಲ್ಪ ಕುಗ್ಗಿತು, ನನ್ನ ಕೈ ನೀರಿನ ಚೊಂಬಿನ ಕಡೆ ಹೋಗುತ್ತಲೇ ಇತ್ತು. ಜನವರಿ ಕೊನೆಗೆ ನೆತ್ತಿಯಿಂದ ಸ್ವಲ್ಪ ಕೆಳಗೆ, ಕೂದಲಿನೊಳಗೆ, ಸಾಸಿವೆಯಷ್ಟು ಕೆಂಪು ಕಂಡಿತು. ಪಕ್ಕದಲ್ಲಿ ಇನ್ನೊಂದು. ಮೊಗ್ಗು ಬರುವುದು ಮುಳ್ಳಿನ ತುದಿಯಲ್ಲಲ್ಲ, ಉಬ್ಬುಗಳ ನಡುವಿನ ಸಂದಿಯಲ್ಲಿ. ಹಾಗಾಗಿ ನೆತ್ತಿಯ ಸುತ್ತ ಬಳೆಯ ಹಾಗೆ ಸಾಲಾಗಿ ಬರುತ್ತವೆ. ಫೆಬ್ರವರಿ ಎರಡನೇ ವಾರ, ಬೆಳಿಗ್ಗೆ ಹತ್ತೂವರೆಗೆ, ಬಿಸಿಲು ಬಿದ್ದ ಕಡೆಯ ಹೂ ಮೊದಲು ಬಿಚ್ಚಿತು. ಕಡು ಗುಲಾಬಿ, ನಡುವೆ ಹಳದಿ. ಸಂಜೆ ಮುಚ್ಚಿಕೊಂಡು ಮಾರನೇ ದಿನ ಮತ್ತೆ ಬಿಚ್ಚಿತು.

ಅಮ್ಮ ಆಗ ನಮ್ಮಲ್ಲೇ ಇದ್ದರು. ಮುಳ್ಳಿನ ಗಿಡ ಮನೆಯಲ್ಲಿ ಇಡಬಾರದು ಅಂತ ಮೂರು ವರ್ಷ ಹೇಳಿದವರು. ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ಕೂತವರು ಏಳಲೇ ಇಲ್ಲ. “ನೋಡೇ, ಅಜ್ಜಿ ದಂಡೆ ಮುಡ್ಕೊಂಡ ಹಾಗಿದೆ” ಅಂದರು.

ಹೋದ ವರ್ಷ ಬುಡದಲ್ಲಿ ಬಂದ ಮರಿಯೊಂದನ್ನು ಮಾರ್ಚ್‌ನಲ್ಲಿ ಬಿಡಿಸಿ, ಒಂದು ವಾರ ಗಾಯ ಒಣಗಿಸಿ, ಬರೀ ಮರಳಿನಲ್ಲಿ ಕೂರಿಸಿದೆ. ಐದು ವಾರಕ್ಕೆ ಬೇರು ಬಿಟ್ಟಿತು. ಅಮ್ಮ ಅದನ್ನು ಸಾಗರಕ್ಕೆ ಒಯ್ದಿದ್ದಾರೆ, ಬದಲಿಗೆ ನನಗೆ ನೇರಳೆ ಡೇರೆಯ ಗೆಡ್ಡೆ ಬಂತು. ಆ ಮಳೆಯಲ್ಲಿ ಮರಿ ಉಳಿಯುತ್ತಾ ಅಂತ ನನಗೆ ದಿನವೂ ಚಿಂತೆ. ಮೊದಲು ಗಾಜಿನ ಹೆಂಚಿನ ಕೆಳಗೆ ಇಟ್ಟಿದ್ದರು, ಬೆಳಕು ಸಾಲುತ್ತಿರಲಿಲ್ಲ. ನಿನ್ನೆ ಫೋನ್ ಮಾಡಿದಾಗ ಕೇಳಿದೆ.

“ಜಗಲಿ ಕಟ್ಟೆ ಮೇಲೆ ಇಟ್ಟಿದೀನಿ. ಹನಿ ಹಾರಲ್ಲ. ಇಪ್ಪತ್ತೆರಡು ದಿನ ಆಯ್ತು ನೀರು ಹಾಕದೆ” ಅಂದರು ಅಮ್ಮ. “ಅಪ್ಪ ನಿನ್ನೆ ಕೊಟ್ಟೆ ಪ್ಲಾಸ್ಟಿಕ್ ತಂದ್ರು ನೋಡು, ಅದರಲ್ಲಿ ಒಂದು ತುಂಡು ತೆಗೆದಿಟ್ಟಿದಾರೆ.”