ಮೇಡಂ, ಜಡ್ಜಿಗೆ ಎಷ್ಟು ಕೊಡಬೇಕಾಯಿತು?

ಕೇಸು ಗೆದ್ದ ಮಾರನೆಯ ದಿನ ಇಷ್ಟು ಬೇಜಾರಾಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಮಂಗಳವಾರ ತೀರ್ಪು ಬಂತು. ದಾವೆ ವಜಾ. ನಮ್ಮ ಕಕ್ಷಿದಾರರು ಗಂಡನನ್ನು ಕಳೆದುಕೊಂಡ ಹೆಂಗಸು. ಅಣ್ಣ ಸಾಯುವ ಮೊದಲು ಜಮೀನು ಮಾರುತ್ತೇನೆ ಅಂತ ಅಡ್ವಾನ್ಸ್ ತಗೊಂಡಿದ್ದ ಅಂತ ಹೇಳಿ ಮೈದುನ ಒಂದು ಕ್ರಯದ ಕರಾರು ಹಿಡಿದು ಬಂದಿದ್ದ. 7 ವರ್ಷ ನಡೆಯಿತು. ಅಷ್ಟರಲ್ಲಿ 4 ಜನ ನ್ಯಾಯಾಧೀಶರು ಬದಲಾದರು. ಆಕೆ ಮಾತ್ರ ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ.

ಬುಧವಾರ ಸಂಜೆ ಆಫೀಸಿಗೆ ಬಂದರು. ಜೂನಿಯರ್ ಹೊರಗೆ ಹೋಗುವವರೆಗೂ ಕಾದರು. ಆಮೇಲೆ ಸೆರಗಿನೊಳಗಿಂದ ಒಂದು ಕವರ್ ತೆಗೆದು ಮೇಜಿನ ಮೇಲಿಟ್ಟು, ಮೆಲ್ಲಗೆ ಕೇಳಿದರು. "ಮೇಡಂ, ಜಡ್ಜಿಗೆ ಎಷ್ಟು ಕೊಡಬೇಕಾಯಿತು? ಹೇಳಿ. ನಿಮ್ಮ ಕೈಯಿಂದ ಹೋಗೋದು ಬೇಡ."

ಆ ದನಿ ಇನ್ನೂ ಕಿವಿಯಲ್ಲಿದೆ. ಅದರಲ್ಲಿ ವ್ಯಂಗ್ಯ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಜೆರಾಕ್ಸಿಗೆ ಎಷ್ಟಾಯಿತು ಅಂತ ಕೇಳಿದ ಹಾಗೆ ಕೇಳಿದರು. ನಾನು ನನ್ನ ಜೇಬಿನಿಂದ ಕೊಟ್ಟಿದ್ದೇನೆ, ನನಗೆ ನಷ್ಟ ಆಗಬಾರದು ಅಂತ ಅವರ ಕಾಳಜಿ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಇದಕ್ಕೆ ಏನು ಹೇಳೋದು?

"ಯಾರಮ್ಮಾ ನಿಮಗೆ ಹೀಗೆ ಹೇಳಿದ್ದು?" ಅಂದೆ. ವಾದ ಮುಗಿದ ದಿನ ಕೋರ್ಟಿನ ಮೆಟ್ಟಿಲ ಮೇಲೆ ಮೈದುನ ಯಾರಿಗೋ ಕೇಳಿಸುವ ಹಾಗೆ "ಒಳಗೆಲ್ಲ ಮಾತಾಡಿದೀವಿ" ಅಂದನಂತೆ. ಹಾಗಿದ್ದೂ ನಾವು ಗೆದ್ದೆವು ಅಂದರೆ ಮೇಡಂ ಇನ್ನೂ ಜಾಸ್ತಿ ಕೊಟ್ಟಿರಬೇಕು ಅಂತ ಇವರ ಲೆಕ್ಕ. ಆ ಮೈದುನ ಎಂಥ ಮನುಷ್ಯ ಅಂತ 7 ವರ್ಷ ನೋಡಿದ್ದೇನೆ, ಅದರಲ್ಲಿ ಆಶ್ಚರ್ಯ ಇಲ್ಲ. ಅವನ ಕಡೆಯ ವಕೀಲರು ಒಳ್ಳೆಯವರು, ಅವರ ಬಾಯಲ್ಲಿ ಇಂಥ ಮಾತು ಬರುವುದಿಲ್ಲ, ಅದನ್ನೂ ಹೇಳಬೇಕು.

ಇನ್ನು ಈ ತೀರ್ಪು ಕೊಟ್ಟ ನ್ಯಾಯಾಧೀಶರು. ಅವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಮುಂಗೋಪಿ. ಐದು ನಿಮಿಷ ತಡವಾಗಿದ್ದಕ್ಕೆ ಎರಡು ಸಲ ತುಂಬಿದ ಕೋರ್ಟಿನಲ್ಲಿ ನನಗೆ ಬೈದಿದ್ದಾರೆ. ಆದರೆ ಅವರು ಕೇಸಿನ ಕಾಗದದ ಕಟ್ಟು ಓದುತ್ತಾರೆ. ಪೂರ್ತಿ ಓದುತ್ತಾರೆ.

ಕರಾರಿನ ಸಹಿ ಗಂಡನದ್ದಲ್ಲ ಅನ್ನುವುದರ ಮೇಲೇ ನಾನು ಪೂರ್ತಿ ವಾದ ಕಟ್ಟಿದ್ದೆ. ಪಾಟೀಸವಾಲಿನಲ್ಲಿ ಸುಮ್ನೆ ಒಂದು ಪ್ರಶ್ನೆ ಹಾಕಿದ್ದೆ, ಛಾಪಾ ಕಾಗದ ಯಾವತ್ತು ತಂದಿರಿ ಅಂತ. ಬರೆದ ದಿನವೇ, ಅಂದಿದ್ದ ಮೈದುನ. ಅಲ್ಲಿಗೆ ಬಿಟ್ಟೆ. ನನ್ನ ಹತ್ತಿರ ಇದ್ದ ಜೆರಾಕ್ಸಿನಲ್ಲಿ ಕಾಗದದ ಮುಂಭಾಗ ಮಾತ್ರ ಇತ್ತು. ಅಸಲು ಕೋರ್ಟಿನಲ್ಲಿತ್ತು. ನ್ಯಾಯಾಧೀಶರು ಅದನ್ನು ತಿರುಗಿಸಿ ನೋಡಿದ್ದಾರೆ. ಹಿಂಭಾಗದಲ್ಲಿ ಕಾಗದ ಮಾರಿದವನ ಮಸುಕಾದ ಮೊಹರು, ಅದರೊಳಗೆ ಕೈಯಲ್ಲಿ ಬರೆದ ತಾರೀಖು. ಕರಾರು ಬರೆದದ್ದು ಮಾರ್ಚ್ 4. ಕಾಗದ ಮಾರಾಟವಾದದ್ದು ಅದೇ ವರ್ಷ ಮಾರ್ಚ್ 19. ಇನ್ನೂ ಅಂಗಡಿಯಿಂದ ಹೊರಗೇ ಬಾರದ ಕಾಗದದ ಮೇಲೆ 15 ದಿನ ಮೊದಲೇ ಸಹಿ ಬಿದ್ದಿತ್ತು! ಈ ಒಂದು ವಿಷಯಕ್ಕೆ ತೀರ್ಪಿನಲ್ಲಿ ಎರಡು ಪುಟ ಬರೆದಿದ್ದಾರೆ.

ಅಂಥ ಮನುಷ್ಯನಿಗೆ ಎಷ್ಟು ಕೊಟ್ಟಿರಿ ಅಂತ ಆಕೆ ಕೇಳಿದರು. ನ್ಯಾಯಾಧೀಶರು ಬಂದು ಉತ್ತರ ಕೊಡುವ ಹಾಗೂ ಇಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು 1997ರಲ್ಲಿ ತಮಗೆ ತಾವೇ ಹಾಕಿಕೊಂಡ ನಡತೆಯ ನಿಯಮಗಳಲ್ಲೂ ತೀರ್ಪೇ ಮಾತಾಡಲಿ ಅಂತಲೇ ಇದೆ. ಆದರೆ ಆ ತೀರ್ಪನ್ನು ಕಕ್ಷಿದಾರರಿಗೆ ಓದಿ ಹೇಳುವವರು ಯಾರು? ನಾವೇ ಅಲ್ವಾ?

ಎಲ್ಲ ನ್ಯಾಯಾಧೀಶರೂ ಶುದ್ಧ ಅಂತ ನಾನು ಹೇಳುತ್ತಿಲ್ಲ. 2011ರಲ್ಲಿ ಕಲ್ಕತ್ತಾ ಹೈಕೋರ್ಟಿನ ಸೌಮಿತ್ರ ಸೇನ್ ಅವರನ್ನು ಹುದ್ದೆಯಿಂದ ತೆಗೆಯಬೇಕು ಅಂತ ರಾಜ್ಯಸಭೆ ಮತ ಹಾಕಿತು. ಲೋಕಸಭೆಗೆ ಹೋಗುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಅವರ ಮೇಲಿದ್ದ ಹಣ ದುರುಪಯೋಗದ ಆರೋಪ ಶುರುವಾಗುವುದು ಎಲ್ಲಿಂದ ಗೊತ್ತಾ? ಅವರು ಇನ್ನೂ ವಕೀಲರಾಗಿದ್ದಾಗ ಕೋರ್ಟ್ ಅವರನ್ನು ರಿಸೀವರ್, ಅಂದರೆ ವ್ಯಾಜ್ಯದಲ್ಲಿರುವ ಆಸ್ತಿ, ಹಣ ನೋಡಿಕೊಳ್ಳುವವರು, ಮಾಡಿ ಕೈಗೆ ಕೊಟ್ಟ ದುಡ್ಡಿನಿಂದ. ಕರಿ ಕೋಟು ಹಾಕಿದ ದಿನದಿಂದಲೇ ಈ ಲೆಕ್ಕ ಶುರು.

ನಮ್ಮ ವಕೀಲರಲ್ಲೇ ಜಡ್ಜ್ ಹೆಸರು ಹೇಳಿ ದುಡ್ಡು ಎತ್ತುವವರು ಇದ್ದಾರೆ. ಜಡ್ಜಿಗೆ ಅದರ ಗಾಳಿಯೂ ಗೊತ್ತಿರುವುದಿಲ್ಲ. ಗೆದ್ದರೆ ಕೊಟ್ಟದ್ದು ಕೆಲಸ ಮಾಡಿತು, ಸೋತರೆ ಆ ಕಡೆಯವರು ಜಾಸ್ತಿ ಕೊಟ್ಟರು. ನಡೆಯುತ್ತಿರುವ ಕೇಸಿನ ಬಗ್ಗೆ ನ್ಯಾಯಾಧೀಶರ ಹತ್ತಿರ ಖಾಸಗಿಯಾಗಿ ಮಾತೇ ಆಡಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಇದೆ. 2018ರ ತಿದ್ದುಪಡಿ ಆದಮೇಲೆ ಭ್ರಷ್ಟಾಚಾರ ತಡೆ ಕಾಯ್ದೆಯ 7ಎ ಕಲಂ ಪ್ರಕಾರ, ಸಾರ್ವಜನಿಕ ನೌಕರರ ಮೇಲೆ ಪ್ರಭಾವ ಬೀರುತ್ತೇನೆ ಅಂತ ದುಡ್ಡು ತಗೊಂಡವನಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಆದರೂ ನಿಂತಿಲ್ಲ.

ಆದರೆ ಆ ರಾತ್ರಿ ನನ್ನ ನಿದ್ದೆ ಕೆಡಿಸಿದ್ದು ಅವರಲ್ಲ. ಸುಮಾರು 9 ವರ್ಷದ ಹಿಂದೆ ನಾನು ಒಂದು ಕೇಸು ಸೋತೆ. ಕರೆಸಲೇಬೇಕಾಗಿದ್ದ ಒಬ್ಬ ಸಾಕ್ಷಿಯನ್ನು ನಾನು ಕರೆಸಿರಲಿಲ್ಲ. ತೀರ್ಪಿನಲ್ಲಿ ಅದೇ ಕಾರಣ ಕೊಟ್ಟಿದ್ದರು. ಕಕ್ಷಿದಾರರು, ವಯಸ್ಸಾದ ಮೇಷ್ಟ್ರು, ಅದನ್ನು ಓದಲಿಲ್ಲ. "ಜಡ್ಜ್ ದುಡ್ಡು ತಗೊಂಡಿರಬೇಕು ಬಿಡಿ ಮೇಡಂ, ನೀವೇನು ಮಾಡ್ತೀರಿ" ಅಂದರು. ನಾನು ಇಲ್ಲ ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ. ನಿಟ್ಟುಸಿರು ಬಿಟ್ಟೆ. ಅಷ್ಟು ಸಾಕಾಯಿತು. ಆ ಮೇಷ್ಟ್ರು ಆಮೇಲೆ ಎಷ್ಟು ಜನಕ್ಕೆ ಹೇಳಿದರೋ. ಮೆಟ್ಟಿಲ ಮೇಲೆ ನಿಂತ ಆ ಮೈದುನನಿಗೂ ನನಗೂ ಏನು ವ್ಯತ್ಯಾಸ ಅಂತ ಬೆಳಗಿನ ಜಾವದವರೆಗೂ ಯೋಚಿಸಿದೆ.

ಬುಧವಾರ ಆಕೆಗೆ ಕವರ್ ವಾಪಸ್ ಕೊಟ್ಟೆ. ಬಾಕಿ ಫೀಸು ಇನ್ನೊಂದು ದಿನ ಕೊಡಿ, ಇವತ್ತು ಬೇಡ ಅಂದೆ. ಪಕ್ಕದಲ್ಲಿ ಕೂರಿಸಿಕೊಂಡು ಆ ಎರಡು ಪುಟ ಓದಿ, ಅರ್ಥ ಹೇಳಿದೆ. ಎರಡು ತಾರೀಖುಗಳನ್ನು ಬೆರಳಿಟ್ಟು ತೋರಿಸಿದೆ. ಆಕೆ ತುಂಬಾ ಹೊತ್ತು ಅದನ್ನೇ ನೋಡಿದರು. "ಅಷ್ಟೂ ಕಾಗದ ಅವರೇ ಓದಿದ್ರಾ?" ಅಂದರು. ಹೌದಮ್ಮಾ ಅಂದೆ. "ಹಿಂದೆ ತಿರುಗಿಸಿ ನೋಡಿದ್ರಾ?" ಅಂತ ಮತ್ತೆ ಕೇಳಿದರು. ಆಮೇಲೆ ಅತ್ತರು.

ಶುಕ್ರವಾರ ಹಳೇ ಡೈರಿ ಹುಡುಕಿ ಮೇಷ್ಟ್ರಿಗೆ ಫೋನ್ ಮಾಡಿದೆ. ಆ ಸಾಕ್ಷಿಯನ್ನು ಕರೆಸದೇ ಇದ್ದದ್ದು ನನ್ನ ತಪ್ಪು, ಆ ನ್ಯಾಯಾಧೀಶರು ಯಾರಿಂದಾದರೂ ಏನಾದರೂ ತಗೊಂಡಿದ್ದಕ್ಕೆ ನನಗೆ ಒಂದು ಕುರುಹೂ ಸಿಕ್ಕಿಲ್ಲ, ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದರು. "ಯಾವ ಸಾಕ್ಷಿ ಮೇಡಂ?"

ಮೊದಲಿನಿಂದ ಹೇಳಿದೆ.